ಹನ್ನೊಂದನೆಯ ಸೆಕೆಂಡು

ನೂರಕ್ಕೆ ಮೂವತ್ತೊಂದು. ಒಂದನೇ ತರಗತಿಯಿಂದ ಇಲ್ಲಿಯವರೆಗೆ ಯಾವ ಪರೀಕ್ಷೆಯಲ್ಲೂ ಹಿರಿಯ ವೈದ್ಯರಿಗೆ ಇಷ್ಟು ಕಡಿಮೆ ಅಂಕ ಬಂದಿರಲಿಲ್ಲ. ಮನೆಯಲ್ಲೇ ಇರುವ ರೋಗಿಯನ್ನು ಕಂಪ್ಯೂಟರ್ ಪರದೆಯ ಮೇಲೆ ಮಾತಾಡಿಸುವುದು ಹೇಗೆ ಎಂಬ ತರಬೇತಿಯ ಅಂಕಪಟ್ಟಿ ಅದು. ಕೆಳಗೆ ಒಂದು ಷರಾ: ‘ರೋಗಿ ಮಾತು ಶುರು ಮಾಡಿದ ಹನ್ನೊಂದನೆಯ ಸೆಕೆಂಡಿಗೆ ವೈದ್ಯರು ಅಡ್ಡ ಬಾಯಿ ಹಾಕಿದರು. ಮೂರು ಪರೀಕ್ಷೆಗಳಲ್ಲೂ ಹನ್ನೊಂದೇ.’ ಪೂರ್ಣ ಅಂಕ ಸಿಕ್ಕಿದ್ದು ಒಂದೇ ಸಾಲಿಗೆ: ‘ದೃಷ್ಟಿ: ಕ್ಯಾಮೆರಾದ ಮೇಲೆ ನೆಟ್ಟಿದೆ. ಹತ್ತಕ್ಕೆ ಹತ್ತು.’

ಅಂಕ ಹೋದರೆ ಹೋಗಲಿ ಎನ್ನಬಹುದಿತ್ತು. ಅದರ ಹಿಂದೆಯೇ ಲಸಿಕೆಯೂ ಹೋಯಿತು. ಜ್ವರವೊಂದರ ಆ ಲಸಿಕೆಯನ್ನು ಅವರು ಪ್ರಯೋಗಾಲಯದಲ್ಲಿ ಒಂಬತ್ತು ವರ್ಷ ಮಗುವಿನ ಹಾಗೆ ಸಾಕಿದ್ದರು. ಈಗ ಅದನ್ನು ಮನುಷ್ಯರ ಮೇಲೆ ಪರೀಕ್ಷಿಸುವ ಕಾಲ ಬಂದಿತ್ತು. ಆರುನೂರ ಹನ್ನೆರಡು ಜನ ಸ್ವಯಂಸೇವಕರು. ಅರ್ಧ ಜನಕ್ಕೆ ಲಸಿಕೆ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಚುಚ್ಚಿಸಿಕೊಂಡವರು ಮನೆಗೆ ಹೋಗುತ್ತಾರೆ, ವಾರಕ್ಕೊಮ್ಮೆ ವೈದ್ಯರು ಪರದೆಯ ಮೇಲೆ ಅವರ ಜ್ವರ, ಬಾವು, ಸುಸ್ತು ವಿಚಾರಿಸುತ್ತಾರೆ. ಆ ತರಬೇತಿಯಲ್ಲಿ ಪಾಸಾಗದವರು ಲಸಿಕೆ ಪರೀಕ್ಷೆಯ ಮುಖ್ಯಸ್ಥರಾಗುವಂತಿಲ್ಲ ಎಂದು ಸಂಸ್ಥೆ ನಿಯಮ ಮಾಡಿತು. ಹಾಗಾಗಿ ಪಿಪೆಟ್ ಹಿಡಿಯುವುದನ್ನು ಅವರಿಂದಲೇ ಕಲಿತಿದ್ದ ಶಿಷ್ಯೆ ಮುಖ್ಯಸ್ಥೆಯಾದಳು. ಅವಳಿಗೆ ತೊಂಬತ್ನಾಲ್ಕು ಬಂದಿತ್ತು.

ಸುದ್ದಿ ಹೇಳಲು ಅವಳೇ ಅವರ ಕೋಣೆಗೆ ಬಂದಿದ್ದಳು.

“ಸರ್, ಲಸಿಕೆ ಯಾವತ್ತಿದ್ರೂ ನಿಮ್ದೇ. ನೀವು ಸಲಹೆಗಾರರಾಗಿ ಜೊತೇಲಿದ್ರೆ ನನಗೂ...”

“ಸಲಹೆ ಬೇಕಾದಾಗ ಹೇಳಿಕಳ್ಸು, ಕೊಡೋಣ.”

“ನಾನಿನ್ನೂ ಮುಗಿಸಿಲ್ಲ ಸರ್.”

“ಸರಿ, ಮುಗಿಸು.”

ಅವಳು ಬಾಗಿಲ ಕಡೆ ತಿರುಗಿದಳು. “ಬಿಡಿ ಸರ್” ಎಂದು ಹೋದಳು. ಮೊಗಸಾಲೆಯಲ್ಲಿ ಕಿರಿಯರು ಕಿಸಕ್ಕನೆ ನಕ್ಕದ್ದು ಕೇಳಿಸಿತು. ಅವರ ನಡುವೆ ತಮ್ಮ ಹೆಸರು ಈಗ ‘ಹನ್ನೊಂದು’ ಎಂಬುದು ಹಿರಿಯ ವೈದ್ಯರಿಗೆ ಗೊತ್ತಿತ್ತು.

ಆ ಮಧ್ಯಾಹ್ನವೇ ಅವರಿಗೆ ಲಕೋಟೆಯ ನೆನಪಾಯಿತು.

ಯಾರಿಗೆ ಲಸಿಕೆ, ಯಾರಿಗೆ ಉಪ್ಪುನೀರು ಎಂಬ ಪಟ್ಟಿ ಇದ್ದದ್ದು ಒಂದೇ ಲಕೋಟೆಯಲ್ಲಿ. ಚುಚ್ಚುವ ದಾದಿಗೂ ಗೊತ್ತಿಲ್ಲ, ಚುಚ್ಚಿಸಿಕೊಳ್ಳುವವರಿಗೂ ಗೊತ್ತಿಲ್ಲ, ಮುಖ್ಯಸ್ಥೆಗೂ ಗೊತ್ತಿಲ್ಲ. ಮೂರು ಸಹಿ, ಅರಗಿನ ಮುದ್ರೆ ಬಿದ್ದು ಅದು ಮೂರನೇ ಮಹಡಿಯ ದಾಖಲೆ ಕೋಣೆಯ ಮೇಜಿನ ಖಾನೆಯಲ್ಲಿತ್ತು. ಯಾರಾದರೂ ಅದನ್ನು ಒಡೆದರೆ ಏನು ಮಾಡಬೇಕೆಂಬ ನಿಯಮವನ್ನು ಸಮಿತಿಯಲ್ಲಿ ಕೂತು ಬರೆದವರು ಸ್ವತಃ ಅವರೇ. ಒಡೆದವರು ಸಿಕ್ಕಿಬಿದ್ದರೆ ಅವರೊಬ್ಬರನ್ನು ಹೊರಗಿಟ್ಟು ಪರೀಕ್ಷೆ ಮುಂದುವರಿಸಬಹುದು. ಯಾರೆಂದು ಗೊತ್ತಾಗದಿದ್ದರೆ ಪಟ್ಟಿ ಯಾರ ಕಣ್ಣಿಗೆ ಬಿದ್ದಿದೆಯೋ ಹೇಳಲಾಗದು. ಇಡೀ ಪರೀಕ್ಷೆಯನ್ನು ಮುಚ್ಚಿ, ಹೊಸ ಮುಖ್ಯಸ್ಥರ ಕೈಯಲ್ಲಿ ಮೊದಲಿನಿಂದ ಶುರುಮಾಡಬೇಕು.

ಎಷ್ಟು ಸಣ್ಣ ಕೆಲಸ! ಕದಿಯುವುದೇನಿಲ್ಲ, ಯಾರಿಗೂ ಗಾಯವಾಗುವುದಿಲ್ಲ. ಒಂದು ಕಾಗದ ಹರಿದ ಸದ್ದು, ಅಷ್ಟೆ. ಆ ಸದ್ದು ಮಾಡಿದ ಕೈ ಯಾರದೆಂದು ಗೊತ್ತಾಗಬಾರದು, ಅದೊಂದೇ ಷರತ್ತು.

ದಾಖಲೆ ಕೋಣೆಯ ಕೀಲಿಕೈ ದಾದಿಯರ ಮೇಜಿನ ಹಿಂದೆ ಮೊಳೆಗೆ ನೇತಾಡುತ್ತಿತ್ತು, ಇಡೀ ಮಹಡಿ ಅದನ್ನು ಬಳಸುತ್ತಿತ್ತು. ಬಾಗಿಲ ಮೇಲೆ ಒಂದು ಯಂತ್ರ. ಬಾಗಿಲು ತೆರೆದಾಗಲೆಲ್ಲ ಅದು ಗಂಟೆ ನಿಮಿಷ ಬರೆದುಕೊಳ್ಳುತ್ತದೆ, ಯಾರು ತೆರೆದರೆಂದು ಬರೆಯುವುದಿಲ್ಲ. ಬೇರೆ ಯಾರಾದರೂ ಆ ಯಂತ್ರಕ್ಕೆ ಹೆದರುತ್ತಿದ್ದರು. ಹಿರಿಯ ವೈದ್ಯರು ಅದನ್ನು ಗೆಳೆಯನ ಹಾಗೆ ನೋಡಿದರು. ಅದು ಬರೆದುಕೊಂಡ ನಿಮಿಷದಲ್ಲಿ ತಾವು ಬೇರೆಲ್ಲೋ, ನಾಲ್ಕು ಜನರ ಕಣ್ಣೆದುರು ಇದ್ದರಾಯಿತು.

ಅದಕ್ಕೂ ದಾರಿ ತಾನಾಗಿ ತೆರೆಯಿತು. ನಪಾಸಾದವರು ಪಾಸಾಗಿ ಮುಖ್ಯಸ್ಥರಾಗುವ ಅರ್ಹತೆ ಪಡೆಯಲು ತರಬೇತಿಯಲ್ಲಿ ಇನ್ನೊಂದು ಅವಕಾಶವಿತ್ತು: ಮೌನದ ಪಾಠ. ಇಪ್ಪತ್ತು ನಿಮಿಷ ರೋಗಿ ತನ್ನ ಸಂಕಟ ಹೇಳಿಕೊಳ್ಳುತ್ತಾಳೆ, ವೈದ್ಯರು ಬಾಯಿ ಬಿಡುವಂತಿಲ್ಲ. ಅವರ ಮೈಕನ್ನೇ ಮುಚ್ಚಿರುತ್ತಾರೆ. ಸುಮ್ಮನೆ ಕೇಳಬೇಕು, ಕೇಳುವ ಮುಖಕ್ಕೇ ಅಂಕ. ತರಬೇತುದಾರ ಪಕ್ಕದ ಕಟ್ಟಡದಲ್ಲಿ ಕೂತು ಆ ಮುಖವನ್ನು ನೋಡುತ್ತಿರುತ್ತಾನೆ. ಇದೆಲ್ಲ ಒಂದು ಸಂಶೋಧನೆಯ ಭಾಗ ಎಂದು ಅವನು ನಾಲ್ಕು ಪುಟದ ಒಪ್ಪಿಗೆ ಪತ್ರ ತಂದಿದ್ದ. ಸ್ವಯಂಸೇವಕರಿಂದ ಹದಿನಾರು ಪುಟವನ್ನು ಅಕ್ಷರ ಬಿಡದೆ ಓದಿಸಿ ಸಹಿ ಹಾಕಿಸಿಕೊಳ್ಳುತ್ತಿದ್ದ ಹಿರಿಯ ವೈದ್ಯರು, ಇದರ ಕೊನೆಯ ಪುಟ ತೆಗೆದು ಸಹಿ ಗೀಚಿ ಕೊಟ್ಟರು.

ಮೌನ ಒಂದು ಮುಖವಷ್ಟೇ ಆದರೆ, ಆ ಮುಖವನ್ನು ಮೊದಲೇ ಮಾಡಿಟ್ಟುಕೊಳ್ಳಬಹುದು. ಕ್ಯಾಮೆರಾದ ಬದಲು ಹಳೆಯ ವಿಡಿಯೊ ಓಡಿಸಿ ವೈದ್ಯರಿಗೆ ಟೋಪಿ ಹಾಕುವವರಿದ್ದಾರೆ, ಹುಷಾರಾಗಿರಿ ಎಂದು ಆರನೇ ಪಾಠದಲ್ಲಿ ಹೇಳಿಕೊಟ್ಟಿದ್ದರು. ಹೇಗೆ ಓಡಿಸುತ್ತಾರೆ ಎಂಬುದನ್ನೂ ವಿವರವಾಗಿ ತೋರಿಸಿದ್ದರು. ಇಡೀ ತರಬೇತಿಯಲ್ಲಿ ಹಿರಿಯ ವೈದ್ಯರು ಗಮನವಿಟ್ಟು ಕೇಳಿದ್ದು ಆ ಪಾಠವೊಂದನ್ನೇ.

ಉಳಿದಂತೆ ಅವರಿಗೆ ಹಿಡಿಸಿದ್ದು ಕಣ್ಣಿನ ವಿಷಯ. ತರಬೇತುದಾರ ಅವರ ಕಂಪ್ಯೂಟರಿನ ಕ್ಯಾಮೆರಾ ಪಕ್ಕ ಎರಡು ಕಣ್ಣು ಬರೆದ ಹಸಿರು ಚೀಟಿ ಅಂಟಿಸಿದ್ದ. “ರೋಗಿ ಮುಖ ನೋಡ್ಬೇಡಿ ಸರ್, ಲೆನ್ಸ್ ನೋಡಿ. ಆಗ್ಲೇ ಅವರಿಗೆ, ಡಾಕ್ಟ್ರು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡ್ತಿದ್ದಾರೆ ಅನ್ಸೋದು.” ಹಿರಿಯ ವೈದ್ಯರು ಒಂದು ಹೆಜ್ಜೆ ಮುಂದೆ ಹೋಗಿದ್ದರು. ಮೂರು ಪರೀಕ್ಷೆಗಳಲ್ಲೂ ಪರದೆಯಲ್ಲಿ ರೋಗಿಯ ಮುಖ ಕಾಣುವ ಚೌಕದ ಮೇಲೆ ಪ್ರಯೋಗಾಲಯದ ತಮ್ಮ ಅಂಕಿಅಂಶದ ಪಟ್ಟಿಯೊಂದನ್ನು ಎಳೆದು ಮುಚ್ಚಿ, ಲೆನ್ಸನ್ನು ದುರುಗುಟ್ಟಿ ನೋಡಿದ್ದರು. ಹೇಗೂ ಅದು ಬಾಡಿಗೆ ರೋಗಿ. ರಂಗದಿಂದ ನಿವೃತ್ತಳಾದ ಯಾರೋ ನಟಿಯಂತೆ. ಒಂದು ದಿನ ಹೊಟ್ಟೆನೋವು, ಇನ್ನೊಂದು ದಿನ ಎದೆನೋವು. ನೋಡುವುದೇನಿದೆ?

ಭಾನುವಾರ ಹೆಂಡತಿಯನ್ನು ಆಸ್ಪತ್ರೆಯ ತಮ್ಮ ಕೋಣೆಗೆ ಕರೆತಂದರು. ಒಬ್ಬರೇ ಗೋಡೆಗೆ ತಲೆಯಾಡಿಸಿ ಮಾಡಿಟ್ಟ ಮೊದಲ ವಿಡಿಯೊದಲ್ಲಿ ತೂಕಡಿಸುವವರ ಹಾಗೆ ಕಂಡಿದ್ದರು. ಕೇಳುವ ಮುಖ ಬರಬೇಕಾದರೆ ಎದುರಿಗೆ ಯಾರಾದರೂ ಮಾತಾಡಬೇಕಿತ್ತು.

“ಇಪ್ಪತ್ತು ನಿಮಿಷ ಮಾತಾಡು.”

“ಏನ್ ಮಾತಾಡ್ಲಿ?”

“ಏನಾದ್ರೂ. ನಿನ್ನ ಕಷ್ಟಸುಖ.”

ಅವಳು ಗಾಬರಿಯಾದಳು. “ಯಾಕ್ರೀ? ನಿಮಗೇನಾದ್ರೂ ಕಾಯಿಲೆ ಗೀಯಿಲೆನಾ? ನನ್ಹತ್ರ ಮುಚ್ಚಿಡ್ತಿದ್ದೀರಾ?”

“ತರಬೇತಿ ಕಣೇ. ಕೇಳೋದನ್ನ ಅಭ್ಯಾಸ ಮಾಡ್ಬೇಕಂತೆ.”

“ಮದುವೆಯಾಗಿ ಮೂವತ್ತೆರಡು ವರ್ಷ ಆದ್ಮೇಲೆ! ಆ ತರಬೇತಿ ಕೊಟ್ಟವರ ಹೊಟ್ಟೆ ತಣ್ಣಗಿರಲಿ.”

ಅಡುಗೆಮನೆಯ ನಲ್ಲಿ, ತಂಗಿಯ ಮಗನ ಹಟ, ಮೇಲಿನ ಮನೆಯವರು ಕುರ್ಚಿ ಎಳೆಯುವ ಸದ್ದು ಎಂದು ಅವಳು ಶುರುಮಾಡಿದಳು. ಆಮೇಲೆ ನಿಧಾನವಾದಳು. ಹಿರಿಯ ವೈದ್ಯರು ಲೆನ್ಸ್ ನೋಡುತ್ತಾ ಮನಸ್ಸಿನಲ್ಲಿ ಎಣಿಸುತ್ತಿದ್ದರು. ನಲವತ್ತು ಸೆಕೆಂಡಿಗೊಂದು ತಲೆದೂಗು, ಮೂರು ನಿಮಿಷಕ್ಕೊಮ್ಮೆ ಹುಬ್ಬು. ಹದಿನಾಲ್ಕನೇ ನಿಮಿಷದಲ್ಲಿ ಅವಳು ಏನೋ ಹೇಳಿ ಸುಮ್ಮನಾದಳು. ಅವರ ಎಣಿಕೆ ಅಲ್ಲಿ ಒಮ್ಮೆ ತಪ್ಪಿತು, ಮತ್ತೆ ಹಿಡಿದುಕೊಂಡರು.

ಮುಗಿದ ಮೇಲೆ ಅವಳು ಮೂಗು ಒರೆಸಿಕೊಂಡಳು. “ಅಬ್ಬ, ಒಂದ್ಸಲಾನೂ ಅಡ್ಡ ಬರ್ಲಿಲ್ಲ ನೀವು.” ಮೆಟ್ಟಿಲಿಳಿಯುವಾಗ ಅವರ ತೋಳು ಹಿಡಿದುಕೊಂಡಳು. ಬುಧವಾರವೂ ಕಿಟಕಿಯ ಬೆಳಕು ಇಷ್ಟೇ ಇರುತ್ತದೆಯೇ ಎಂದು ಅವರು ಲೆಕ್ಕ ಹಾಕುತ್ತಿದ್ದರು.

ಬುಧವಾರ ಹನ್ನೊಂದು ಗಂಟೆಗೆ ಅದೇ ನೀಲಿ ಅಂಗಿಯಲ್ಲಿ ಕ್ಯಾಮೆರಾದ ಮುಂದೆ ಕೂತರು, ತರಬೇತುದಾರನಿಗೆ ನಮಸ್ಕಾರ ಹೇಳಿದರು. ಮೈಕು ಮುಚ್ಚಿತು. ರೋಗಿಯ ಚೌಕ ಎಂದಿನಂತೆ ಅಂಕಿಅಂಶದ ಪಟ್ಟಿಯ ಅಡಿಗೆ ಹೋಯಿತು. ಹನ್ನೊಂದು ಎರಡಕ್ಕೆ ಪರದೆಯಲ್ಲಿದ್ದ ಹಿರಿಯ ವೈದ್ಯರು ಭಾನುವಾರದವರಾದರು. ಬುಧವಾರದವರು ಗೌನು, ಟೋಪಿ, ಮಾಸ್ಕ್ ಏರಿಸಿಕೊಂಡು ಹೊರಬಿದ್ದರು. ಆಸ್ಪತ್ರೆಯಲ್ಲಿ ಮುಖ ಮುಚ್ಚಿಕೊಂಡವನನ್ನು ಯಾರೂ ಎರಡನೇ ಸಲ ನೋಡುವುದಿಲ್ಲ.

ಮೊಳೆಯಿಂದ ಕೀಲಿಕೈ, ಕೀಲಿಕೈಯಿಂದ ಬಾಗಿಲು. ಮೇಲಿನ ಯಂತ್ರ ಟಿಕ್ ಎಂದಿತು: ಹನ್ನೊಂದು ಏಳು. ಕೈಗವಸಿನಲ್ಲಿ ಲಕೋಟೆ ಹಿಡಿದಾಗ ಅವರಿಗೆ ಒಂದು ಧರ್ಮಸಂಕಟ ಎದುರಾಯಿತು. ಪಟ್ಟಿ ಕಣ್ಣಿಗೆ ಬಿದ್ದರೆ ಒಬ್ಬ ಸಂಶೋಧಕನಾಗಿ ತಾವು ದೊಡ್ಡ ತಪ್ಪು ಮಾಡಿದ ಹಾಗೆ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಲಕೋಟೆ ಹರಿದರು, ಹಾಳೆಯನ್ನು ತಡಕಾಡಿ ಮೇಜಿನ ಮೇಲೆ ಬೋರಲು ಹಾಕಿದರು, ಬಾಗಿಲ ಕಡೆ ತಿರುಗಿದ ಮೇಲೆಯೇ ಕಣ್ಣು ಬಿಟ್ಟರು. ಅವರಿಗೂ ಒಂದು ನಿಯತ್ತಿತ್ತು.

ಹೊರಗೆ ಎದುರಿನ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಬಟ್ಟೆಚೀಲ, ಮೊಣಕಾಲಿಗೆ ಬಟ್ಟೆಯ ಮೇಲಿಂದಲೇ ಕಟ್ಟಿದ ಕಂದು ಪಟ್ಟಿ. ಅವರನ್ನು ಕಂಡು ಮುಖ ಅರಳಿಸಿದಳು.

“ಅಯ್ಯೋ, ನಮಸ್ಕಾರ ಡಾಕ್ಟ್ರೇ! ನನ್ನ ಮಂಡಿದೊಂದು ಮಾತು ಕೇಳೋಣ ಅಂತ ಎಷ್ಟು ದಿನದಿಂದ ಅಂದ್ಕೋತಿದ್ದೆ. ಇದು ನಾಟಕದ್ದಲ್ಲ ಮತ್ತೆ, ಮೆಟ್ಟಿಲು ಹತ್ತೋವಾಗ...”

“ನಾಟಕ ಎಲ್ಲ ಬೇಡಮ್ಮ. ಓಪಿಡಿ ಕೆಳಗಡೆ. ಚೀಟಿ ಮಾಡಿಸ್ಕೊಂಡು ಸಾಲಲ್ಲಿ ನಿಂತ್ಕೊಳ್ಳಿ” ಎಂದು ಹಿರಿಯ ವೈದ್ಯರು ಸರಸರ ನಡೆದರು. ದಾರಿ ತಪ್ಪಿ ಬಂದ ಯಾವಳೋ. ಬಿಳಿ ಗೌನು ಹಾಕಿದವರೆಲ್ಲ ಇಂಥವರಿಗೆ ಡಾಕ್ಟರೇ. ಹನ್ನೊಂದು ಹದಿನೇಳಕ್ಕೆ ಅವರು ತಮ್ಮ ಕುರ್ಚಿಯಲ್ಲಿ, ತಮ್ಮದೇ ಮುಖದ ಹಿಂದೆ ಕೂತಿದ್ದರು.

ಶುಕ್ರವಾರ ಸಮಿತಿ ಸೇರಿತು. ಉದ್ದ ಮೇಜಿನ ತುದಿಯಲ್ಲಿ ಅಧ್ಯಕ್ಷರು, ಅವರ ಮುಂದೆ ಹರಿದ ಲಕೋಟೆ. ಶಿಷ್ಯೆಯ ಕಣ್ಣು ಕೆಂಪಗಿತ್ತು. ಹನ್ನೊಂದು ಏಳಕ್ಕೆ ಎಲ್ಲಿದ್ದಿರಿ ಎಂದು ಪ್ರತಿಯೊಬ್ಬರನ್ನೂ ಕೇಳಿದರು. ಹಿರಿಯ ವೈದ್ಯರ ಸರದಿ ಬಂದಾಗ ಉತ್ತರ ಕೊಟ್ಟವನು ತರಬೇತುದಾರ.

“ಸರ್ ನನ್ನ ಕಣ್ಮುಂದೇನೇ ಇದ್ರು. ತೊಂಬತ್ತೇಳು! ಇದುವರೆಗೆ ಯಾರಿಗೂ ಬಂದಿಲ್ಲ. ನೋಡಿ ಬೇಕಾದ್ರೆ.”

ಗೋಡೆಯ ಮೇಲೆ ಅವರ ಮುಖ ಮೂಡಿತು. ತಲೆದೂಗು, ಹುಬ್ಬು, ತಲೆದೂಗು. ಹದಿನಾಲ್ಕನೇ ನಿಮಿಷದಲ್ಲಿ ತರಬೇತುದಾರ ಚಿತ್ರ ನಿಲ್ಲಿಸಿದ. “ಇಲ್ಲಿ ನೋಡಿ, ಕಣ್ಣು ಒದ್ದೆಯಾಗಿದೆ. ಇದನ್ನ ಯಾವ ತರಬೇತೀಲೂ ಕಲಿಸಕ್ಕಾಗಲ್ಲ.” ಹಿರಿಯ ವೈದ್ಯರು ಮುಂದೆ ಬಾಗಿದರು. ನಿಜ, ಒದ್ದೆಯಾಗಿತ್ತು. ಹೆಂಡತಿ ಅಲ್ಲಿ ಏನು ಹೇಳಿದ್ದಳು? ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ.

“ಇನ್ನೊಂದು ವಿಷ್ಯ ಸರ್. ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿತ್ತು, ನೀವು ಓದಿರ್ತೀರಿ. ಈ ಪಾಠದಲ್ಲಿ ರೋಗಿ ಕಡೆಯದ್ದು ಮೊದಲೇ ಮಾಡಿಟ್ಟ ವಿಡಿಯೊ. ಎಲ್ಲ ಡಾಕ್ಟರಿಗೂ ಒಂದೇ ಥರದ ಸಂಕಟ ಸಿಗ್ಲಿ ಅಂತ. ಒಂದು ವಿಡಿಯೊಗೆ ನೀವು ಇಷ್ಟು ಕರಗಿದ್ರಲ್ಲ!”

ಹಿರಿಯ ವೈದ್ಯರಿಗೆ ನಗು ಒತ್ತರಿಸಿಕೊಂಡು ಬಂತು, ಕೆಮ್ಮಿಗೆ ತಿರುಗಿಸಿದರು. ಖಾಲಿ ಕೋಣೆಯಲ್ಲಿ ಎರಡು ವಿಡಿಯೊಗಳು ಇಪ್ಪತ್ತು ನಿಮಿಷ ಒಂದರ ದುಃಖವನ್ನು ಇನ್ನೊಂದು ಕೇಳಿಸಿಕೊಂಡಿದ್ದವು.

“ಸರ್, ಆರುನೂರ ಹನ್ನೆರಡು ಜನ ನಮ್ಮನ್ನ ನಂಬಿ ತೋಳು ಕೊಟ್ಟಿದ್ದಾರೆ” ಎಂದಳು ಶಿಷ್ಯೆ, ಅಧ್ಯಕ್ಷರ ಕಡೆ ತಿರುಗಿ.

“ಗೊತ್ತಮ್ಮ. ಆದ್ರೆ ಒಡೆದವರು ಯಾರು ಅಂತ ಗೊತ್ತಾಗದೆ ನಾನೇನು ಮಾಡ್ಲಿ?” ಪರೀಕ್ಷೆ ಮುಚ್ಚುವ ಆದೇಶಕ್ಕೆ ಸಹಿ ಹಾಕಲು ಅಧ್ಯಕ್ಷರು ಪೆನ್ನಿನ ಮುಚ್ಚಳ ತೆಗೆದರು.

“ಒಂದೇ ನಿಮಿಷ” ಎಂದ ತರಬೇತುದಾರ. “ಸರ್ ಅವರ ಪ್ರಮಾಣಪತ್ರಕ್ಕೂ ನೀವು ಇವತ್ತೇ ಸಹಿ ಹಾಕ್ಬಿಡಿ. ಅದರ ಮೇಲೆ ರೋಗಿ ಸಹಿಯೂ ಬೇಕು, ಅವರು ಆಚೆ ಕಾಯ್ತಿದ್ದಾರೆ.” ಬಾಗಿಲು ತೆರೆದು ಕರೆದ.

ಒಳಗೆ ಬಂದವಳ ಮೊಣಕಾಲಿಗೆ ಕಂದು ಪಟ್ಟಿ ಕಟ್ಟಿತ್ತು. “ಎಲ್ಲಿ ಸಹಿ ಹಾಕ್ಬೇಕು?” ಎಂದು ಪೆನ್ನು ತೆಗೆದುಕೊಂಡವಳು ಹಿರಿಯ ವೈದ್ಯರನ್ನು ನೋಡಿ ನಕ್ಕಳು. “ಏನ್ ಡಾಕ್ಟ್ರೇ, ಬುಧವಾರ ನನ್ನ ವಿಡಿಯೊ ಓಡ್ತಿದೆಯಲ್ಲ, ಮುಗಿದ್ಮೇಲೆ ನಿಮ್ಮನ್ನ ಕಾಣೋಣಾಂತ ನಾನು ಆಚೆ ಬೆಂಚಲ್ಲಿ ಕೂತಿದ್ರೆ, ನೀವೂ ಪರೀಕ್ಷೆ ಬಿಟ್ಟು ಆ ದಾಖಲೆ ಕೋಣೆಯಿಂದ ಆಚೆ ಬಂದ್ರಲ್ಲ! ಮಂಡಿನೋವು ಹೇಳಕ್ಕೆ ಬಂದ್ರೆ ಅರ್ಧಕ್ಕೇ ಓಪಿಡಿಗೆ ಓಡಿಸಿದ್ರಿ.” ಮಾಸ್ಕ್ ಹಾಕಿಕೊಂಡ ಯಾರನ್ನೋ ನೋಡಿರಬೇಕು ಎಂದು ಹೇಳಲು ಹಿರಿಯ ವೈದ್ಯರು ಬಾಯಿ ತೆರೆದರು. ಶಿಷ್ಯೆ ಕೈ ಎತ್ತಿದಳು. “ಸರ್, ಅವರು ಮುಗಿಸಲಿ.” ಅಧ್ಯಕ್ಷರು ತಮ್ಮ ಪೆನ್ನು ಕೆಳಗಿಟ್ಟರು. “ಮಾಸ್ಕ್ ಹಾಕ್ಕೊಂಡಿದ್ರಿ, ಆದ್ರೇನಂತೆ?” ಎಂದಳು ಆಕೆ. “ಮೂರು ಪರೀಕ್ಷೇಲೂ ರೆಪ್ಪೆ ಬಡೀದೆ ನನ್ನನ್ನೇ ನೋಡ್ತಿದ್ದ ಕಣ್ಣು ಅಲ್ವಾ, ಮರೆಯೋಕಾಗುತ್ತಾ? ಅಷ್ಟು ಚೆನ್ನಾಗಿ ನೋಡಿದ್ರೂ ನಿಮಗೇ ನನ್ನ ಗುರುತು ಸಿಗ್ಲಿಲ್ವಲ್ಲ ಅಂತ ಅವತ್ತೆಲ್ಲ ಬೇಜಾರಾಗಿತ್ತು ನನಗೆ.” ಹಿರಿಯ ವೈದ್ಯರು ತಲೆ ಎತ್ತಿದರು. ಮೂರು ಪರೀಕ್ಷೆಗಳ ಉದ್ದಕ್ಕೂ ತಮ್ಮೊಂದಿಗೆ ಮಾತಾಡಿದ ಆ ಮುಖವನ್ನು ಅವರು ಕಣ್ಣಿಟ್ಟು ನೋಡಿದ್ದು ಅದೇ ಮೊದಲು.