ಆನೆಕಾಲು ತೋಟಾ

ದೇವರು ಬೆಟ್ಟಗಳ ಮೇಲೆ ಹೆಜ್ಜೆಯಿಟ್ಟು ತಿರುಗಾಡುತ್ತಿದ್ದ ಕಾಲ ಅದು. ಆಗ ಕಣಗಿಲೆಪಟ್ಟಣ ಎಂಬ ಒಂದು ರಾಜ್ಯವಿತ್ತು. ಅಲ್ಲಿಯ ಜನ ಬೇಟೆರಾಯಸ್ವಾಮಿಯ ಒಕ್ಕಲು. ಹೊಟ್ಟೆಗೆ ಬೇಕಾದಷ್ಟೇ ಬೇಟೆಯಾಡುವರು. ಹೊಡೆದ ಪ್ರಾಣಿಯ ಬಳಿಗೆ ತಾವೇ ನಡೆದು ಹೋಗಿ ಅದರ ಬಾಯಿಗೆ ನೀರು ಬಿಡುವರು. ನೀರು ಬಿಡದೆ ಇನ್ನೊಂದು ಜೀವಕ್ಕೆ ಗುರಿಯಿಡುವಂತಿಲ್ಲ. ಅದು ಸ್ವಾಮಿಯ ಕಟ್ಟಳೆ.

ಆ ಪಟ್ಟಣದಲ್ಲಿ ದವನವ್ವ ಎಂಬ ಬೇಟೆಗಾರ್ತಿ ಇದ್ದಳು. ಗಂಡ ಮುರಿಗಪ್ಪ, ಅತ್ತೆ ನಿಂಗಾಜಮ್ಮ. ಕಾಡಿನಲ್ಲಿ ದವನವ್ವನ ಗುರಿ ತಪ್ಪುತ್ತಿರಲಿಲ್ಲ. ಮನೆಯಲ್ಲಿ ಅತ್ತೆಯ ಮಾತಿನ ಗುರಿ ತಪ್ಪುತ್ತಿರಲಿಲ್ಲ.

"ನೀರು ಕೇಳಿ ಎಷ್ಟು ಹೊತ್ತಾಯಿತೇ? ನೀನು ತಂದುಕೊಡುವಷ್ಟರಲ್ಲಿ ನನ್ನ ತಿಥಿಯೂ ಮುಗಿದಿರುತ್ತದೆ."

"ಬಾವಿ ಆಳ ಅಲ್ಲವೇ ಅತ್ತೆ."

"ನಾನು ಸೊಸೆಯಾಗಿ ಬಂದಾಗಲೂ ಅಷ್ಟೇ ಆಳ ಇತ್ತು."

ಮುರಿಗಪ್ಪ ಇಬ್ಬರ ನಡುವೆ ಕೂತು ಬಾಯಿ ಮುಚ್ಚಿಕೊಂಡು ನಗುವನು.

ಒಂದು ದಿನ ದವನವ್ವ ದೂರದ ಕಾಡಿಗೆ ಹೋಗಿದ್ದಾಗ ಧೂಮಕಂಠನೆಂಬ ಮಾಂತ್ರಿಕ ಕೋಟೆ ಬಾಗಿಲಿಗೆ ಬಂದ. ಎಲ್ಲರ ಹೆಸರೂ ಅವನಿಗೆ ತಾನಾಗಿ ತಿಳಿಯುತ್ತಿತ್ತು. ಅವನು ಹೆಸರು ಹಿಡಿದು ಕರೆದರೆ, ಕೇಳಿಸಿಕೊಂಡವರು ಜಿಂಕೆಯಾಗಿಬಿಡುವರು. ರಾಜ, ಮಂತ್ರಿ, ಅಗಸ, ಪೂಜಾರಿ, ಮುರಿಗಪ್ಪ, ನಿಂಗಾಜಮ್ಮ, ಎಲ್ಲರೂ ಜಿಂಕೆಗಳಾಗಿ ಅವನ ಹಿಂದೆ ಕೊಳ್ಳ ದಾಟಿ ಬೋಳುಗುಡ್ಡ ಹತ್ತಿದರು. ಒಂದೊಂದು ಅಮಾವಾಸ್ಯೆಗೂ ಅವನು ಒಂದು ಜಿಂಕೆಯನ್ನು ತಿನ್ನುವನು.

ದವನವ್ವ ಹಿಂದಿರುಗಿದಾಗ ಒಲೆಯ ಮೇಲೆ ಹಾಲು ಉಕ್ಕಿ ಸೀದುಹೋಗಿತ್ತು. ಬೀದಿಯಲ್ಲಿ ಮನುಷ್ಯರ ಸುಳಿವಿಲ್ಲ. ಕೋಟೆಯ ಮದ್ದಿನ ಮನೆಯಲ್ಲಿ ಮಾತ್ರ ಚನ್ನವೀರಜ್ಜ ಕೂತಿದ್ದ. ಕೋವಿಗೆ ತೋಟಾ ಮಾಡಿಕೊಡುವ ಮುದುಕ. ಕಿವಿ ಎಂದೋ ಹೋಗಿತ್ತು, ಕಣ್ಣಿಗೂ ಪೊರೆ ಬಂದಿತ್ತು. ಎದುರಿಗೆ ನಿಂತವರ ತುಟಿ ನೋಡಿ ಮಾತು ತಿಳಿಯುವನು. ನಡೆದದ್ದನ್ನೆಲ್ಲ ಹೇಳಿ ಕಣ್ಣೊರೆಸಿಕೊಂಡ.

"ನಿನ್ನನ್ನು ಯಾಕೆ ಬಿಟ್ಟ ಅಜ್ಜ?"

"ನನ್ನ ಮುಂದೆಯೂ ನಿಂತು ಬಾಯಿ ತೆರೆದ, ಮುಚ್ಚಿದ. ಆಮೇಲೆ ಕ್ಯಾಕರಿಸಿ ಉಗುಳಿ ಹೋದ. ಮುದುಕನ ಮಾಂಸ ಬೇಯುವುದಿಲ್ಲ ಅಂತ ಕಾಣುತ್ತದೆ, ಮಗಳೇ."

"ನಾಳೆ ಅಮಾವಾಸ್ಯೆ."

"ಗೊತ್ತು. ಅವನ ಕೂಗು ಕೇಳುವಷ್ಟು ಹತ್ತಿರ ಹೋದರೆ ನೀನೂ ಜಿಂಕೆ. ಕೊಳ್ಳದ ಈಚೆ ಹದ್ದಿನ ಬಂಡೆ ಇದೆಯಲ್ಲ, ಅಲ್ಲಿಗೆ ಕೂಗು ಮುಟ್ಟುವುದಿಲ್ಲ. ಹೊಡೆದರೆ ಅಲ್ಲಿಂದಲೇ ಹೊಡೆಯಬೇಕು."

ಅಜ್ಜ ಮಂದಾಸು ಪೆಟ್ಟಿಗೆಯ ಮುಚ್ಚಳ ತೆರೆದು ತೋಟಾಗಳನ್ನು ಚಾಪೆಯ ಮೇಲಿಟ್ಟ. ಅವಳ ಕೋವಿಗೆ ಹೊಂದುವಂಥವು ಮೂರು ಬಗೆ.

"ಇದು ಗರುಡ. ಗುಂಡಿನ ಮೂಗು ಉದ್ದ, ಮೈ ಸಪೂರ. ಹೋಗುವುದು ಕೊಂಚ ನಿಧಾನ, ಆದರೆ ಗಾಳಿಗೆ ಬಗ್ಗುವುದಿಲ್ಲ. ದೂರ ಹೋದಂತೆ ಎಷ್ಟು ಇಳಿಯುತ್ತದೆ ಎಂದು ತಿಳಿದು ಅಷ್ಟು ಮೇಲಕ್ಕೆ ಹಿಡಿದರಾಯಿತು. ಇದು ಮಿಂಚುಳ್ಳಿ. ಗುಂಡು ಹಗುರ, ಮದ್ದು ಬಿರುಸು. ಸದ್ದಿಗಿಂತ ಮೊದಲೇ ಹೋಗಿ ಮುಟ್ಟುತ್ತದೆ. ಗಾಳಿ ಎದ್ದರೆ ಮಾತ್ರ ತರಗೆಲೆಯ ಹಾಗೆ ಪಕ್ಕಕ್ಕೆ ಸರಿದುಬಿಡುತ್ತದೆ. ಎರಡೂ ಒಂದೊಂದೇ ಉಳಿದಿವೆ."

"ಆ ದಪ್ಪನೆಯವು?"

"ಆನೆಕಾಲು. ಹತ್ತಿರದಿಂದ ಸಲಗವನ್ನೂ ಮಲಗಿಸುತ್ತದೆ. ದೂರಕ್ಕೆ ಹೊಡೆದರೆ ನಡುದಾರಿಯಲ್ಲೇ ನೆಲ ಕಚ್ಚುತ್ತದೆ. ಪ್ರಾಯದಲ್ಲಿ ಗುಹೆಯೊಳಗೆ ನಿಂತು ಇದನ್ನು ಹೊಡೆದು ನೋಡಿದೆ. ಅವತ್ತಿನಿಂದ ಗುಡಿಯ ಗಂಟೆ ಕೇಳಿಲ್ಲ ನನಗೆ."

"ಹಾಗಾದರೆ ಬೇಡ."

"ಇಟ್ಟುಕೋ ತಾಯಿ. ದಾರಿಯಲ್ಲಿ ಕರಡಿ ಸಿಕ್ಕರೆ ಮಿಂಚುಳ್ಳಿ ತೋರಿಸುತ್ತೀಯಾ?"

ದವನವ್ವ ಸ್ವಾಮಿಗೆ ಕೈಮುಗಿದು, ಸೋರೆಬುರುಡೆಯಲ್ಲಿ ನೀರು ತುಂಬಿಕೊಂಡು ಹೊರಟಳು.

ಬೆಳಗಾಗುವಾಗ ಹದ್ದಿನ ಬಂಡೆಯ ಮೇಲೆ ಎದೆಯೂರಿ ಮಲಗಿದ್ದಳು. ಕೊಳ್ಳದಲ್ಲಿ ಗಾಳಿಯಿಲ್ಲ. ಆಚೆ ಗುಡ್ಡದ ನೆತ್ತಿಯಲ್ಲಿ ಧೂಮಕಂಠ ಕತ್ತಿ ಮಸೆಯುತ್ತಿದ್ದ. ಸುತ್ತ ಜಿಂಕೆಗಳು ತಲೆ ತಗ್ಗಿಸಿ ನಿಂತಿದ್ದವು. ಅವಳು ಗರುಡವನ್ನು ತುಂಬಿ, ಅವನ ತಲೆಗಿಂತ ಒಂದಾಳು ಮೇಲಕ್ಕೆ ಹಿಡಿದು, ಉಸಿರು ಕಟ್ಟಿ ಒತ್ತಿದಳು. ಗುಂಡು ಸರಿಯಾದ ದಾರಿಯಲ್ಲೇ ಹೋಯಿತು. ಕೋವಿಯ ಸದ್ದು ಕೇಳಿ ಧೂಮಕಂಠ ತಲೆಯೆತ್ತಿ, ಬರುವ ಗುಂಡನ್ನು ಹೆಸರು ಹಿಡಿದು ಕರೆದ. ಗುಂಡು ಗರುಡಪಕ್ಷಿಯಾಗಿ ರೆಕ್ಕೆ ಬಡಿದು ಆಕಾಶಕ್ಕೆ ಏರಿಹೋಯಿತು.

ಅವನಿಗೆ ಕರೆಯಲು ಸಮಯ ಸಿಕ್ಕಬಾರದು. ಸದ್ದಿಗಿಂತ ಮುಂದೆ ಹೋಗುವುದು ಮಿಂಚುಳ್ಳಿ ಒಂದೇ. ಅವಳು ಅದನ್ನು ತುಂಬುವಷ್ಟರಲ್ಲಿ ಬಿಸಿಲು ಕೊಳ್ಳಕ್ಕೆ ಇಳಿಯಿತು. ಬಿಸಿಲಿನ ಹಿಂದೆಯೇ ಗಾಳಿ ಎದ್ದಿತು. ಗಾಳಿ ನಿಲ್ಲಲಿ ಎಂದು ಅವಳು ಕಾದಳು. ನಿಲ್ಲಲಿಲ್ಲ. ಮಾಂತ್ರಿಕ ಎದ್ದು ಒಂದು ಜಿಂಕೆಯ ಕೊಂಬಿಗೆ ಕೈಹಾಕಿದ. ಆ ಜಿಂಕೆ ಕತ್ತು ವಾರೆ ಮಾಡಿ ನಿಲ್ಲುವ ರೀತಿ ಮುರಿಗಪ್ಪನದೇ. ಗಾಳಿ ಎಷ್ಟು ಎಳೆಯಬಹುದೆಂದು ಅಂದಾಜು ಮಾಡಿ, ಗುರಿಯನ್ನು ಅಷ್ಟು ಪಕ್ಕಕ್ಕೆ ಹಿಡಿದು ಅವಳು ಹೊಡೆದಳು.

ಗುಂಡು ಅವನು ಬಾಯಿ ತೆರೆಯುವ ಮೊದಲೇ ಮುಟ್ಟಿತು. ಆದರೆ ಗಾಳಿ ಅದನ್ನು ಎಳೆದುಕೊಂಡಿತ್ತು. ಪಕ್ಕದಲ್ಲಿದ್ದ ಒಂದು ಹೆಣ್ಣು ಜಿಂಕೆ ಮುಂಗಾಲು ಮಡಚಿ ಕೂತಿತು, ಮತ್ತೆ ಏಳಲಿಲ್ಲ. ಮಾಂತ್ರಿಕ ಹೊಟ್ಟೆ ಹಿಡಿದುಕೊಂಡು ನಕ್ಕ. ಬಿದ್ದ ಬೇಟೆಯೇ ಇವತ್ತಿಗೆ ಸಾಕೆಂದು ಹಿಡಿದ ಕೊಂಬನ್ನು ಬಿಟ್ಟು ಸೌದೆ ಒಟ್ಟತೊಡಗಿದ.

ದವನವ್ವ ಕೋವಿಯನ್ನು ಕೆಳಗಿಟ್ಟಳು. ಆ ಜಿಂಕೆ ಪಟ್ಟಣದವರು ಯಾರೋ ಒಬ್ಬರು. ಅದರ ಬಾಯಿಗೆ ನೀರು ಬಿಡಬೇಕು. ಬಿಡಬೇಕಾದರೆ ಅಲ್ಲಿಗೆ ಹೋಗಬೇಕು. ಹೋದರೆ ಅವನು ಕರೆಯುತ್ತಾನೆ.

"ಸ್ವಾಮಿ, ಕಟ್ಟಳೆ ಮಾಡಿದವನು ನೀನು. ದಾರಿಯನ್ನೂ ನೀನೇ ತೋರಿಸಬೇಕು," ಎಂದು ಹಣೆಯನ್ನು ಬಂಡೆಗೆ ಊರಿದಳು. ಊರಿದಾಗ ಸೊಂಟದ ಚೀಲದಲ್ಲಿದ್ದ ಆನೆಕಾಲು ತೋಟಾಗಳು ಪಕ್ಕೆಗೆ ಒತ್ತಿದವು. ಚನ್ನವೀರಜ್ಜನ ಮುಂದೆ ಮಾಂತ್ರಿಕ ಬಾಯಿ ತೆರೆದು ಮುಚ್ಚಿ ಉಗುಳಿ ಹೋದದ್ದು ಅವಳ ನೆನಪಿಗೆ ಬಂತು. ಅಜ್ಜನನ್ನು ಉಳಿಸಿದ್ದು ಮುಪ್ಪಲ್ಲ.

ಬಂಡೆಯ ಕೆಳಗೆ ಇಕ್ಕಟ್ಟಾದ ಗವಿಯೊಂದಿತ್ತು. ಒಳಗೆ ಹೋಗುವ ಮುನ್ನ ಅವಳು ಸ್ವಲ್ಪ ಹೊತ್ತು ನಿಂತಳು. ಗಿಳಿಗಳು ಕೂಗುತ್ತಿದ್ದವು. ಕೊಳ್ಳದ ತಳದಲ್ಲಿ ನೀರು ಹರಿಯುತ್ತಿತ್ತು. ಅಷ್ಟನ್ನೂ ಕೇಳಿಸಿಕೊಂಡಳು. ಆಮೇಲೆ ಒಳಗೆ ಹೋಗಿ ಕೋವಿಯನ್ನು ಕಿವಿಯ ಪಕ್ಕ ಹಿಡಿದು ಆನೆಕಾಲನ್ನು ಸಿಡಿಸಿದಳು. ಇನ್ನೊಂದು ಕಿವಿಯ ಬಳಿ ಇನ್ನೊಮ್ಮೆ ಸಿಡಿಸಿದಳು. ಎರಡೂ ಕಿವಿಗಳಿಂದ ರಕ್ತ ಕುತ್ತಿಗೆಗೆ ಇಳಿಯಿತು. ಹೊರಗೆ ಬಂದಾಗ ಗಿಳಿಗಳು ಕೊಕ್ಕು ತೆರೆಯುತ್ತಿದ್ದವು, ಕೂಗು ಇರಲಿಲ್ಲ.

ಅವಳು ಕೋವಿಗೆ ಮತ್ತೊಂದು ಆನೆಕಾಲು ತುಂಬಿ, ಕೊಳ್ಳ ಇಳಿದು ಗುಡ್ಡ ಹತ್ತಿದಳು. ಧೂಮಕಂಠ ಬಾಯಗಲಿಸಿದ. ದವನವ್ವ, ದವನವ್ವ ಎಂದು ಅವನ ತುಟಿ ಆಡುತ್ತಿತ್ತು. ಅವಳು ಅವನತ್ತ ನೋಡಲೂ ಇಲ್ಲ. ಬಿದ್ದ ಜಿಂಕೆಯ ಬಳಿ ಮಂಡಿಯೂರಿ, ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬುರುಡೆಯ ನೀರನ್ನು ಸಣ್ಣಗೆ ಬಿಟ್ಟಳು. ಜಿಂಕೆ ಗುಟುಕರಿಸಿತು.

ಮಾಂತ್ರಿಕನಿಗೆ ದಿಗಿಲಾಯಿತು. ತನ್ನ ಕೂಗಿಗೆ ಬಗ್ಗದ ಜೀವವುಂಟೇ ಎಂದು ಹತ್ತಿರ ಬಂದ, ಇನ್ನೂ ಹತ್ತಿರ ಬಂದ, ಕೊನೆಗೆ ಬಾಗಿ ಅವಳ ಕಿವಿಗೇ ಬಾಯಿಟ್ಟು ಅರಚಿದ. ಅವನ ಉಸಿರು ಬಿಸಿಯಾಗಿ ಕೆನ್ನೆಗೆ ತಾಗಿದಾಗ ಅವನು ಪಕ್ಕಕ್ಕೇ ಬಂದಿರುವುದು ದವನವ್ವನಿಗೆ ಗೊತ್ತಾಯಿತು. ನೀರು ಬಿಟ್ಟಾಗಿತ್ತು, ಕಟ್ಟಳೆ ತೀರಿತ್ತು. ಕೋವಿಯ ಬಾಯನ್ನು ಅವನ ಗಂಟಲಿಗೆ ಇಟ್ಟು ಒತ್ತಿದಳು.

ಧೂಮಕಂಠ ಹೊಗೆಯಾಗಿ ಚದುರಿಹೋದ. ಗುಡ್ಡದ ತುಂಬ ಜಿಂಕೆಗಳು ಮನುಷ್ಯರಾಗಿ ಎದ್ದವು. ಅವಳ ತೊಡೆಯ ಮೇಲಿದ್ದುದು ನಿಂಗಾಜಮ್ಮನ ತಲೆ. ತುಟಿಯಲ್ಲಿ ಇನ್ನೂ ನೀರಿನ ಹನಿ ಇತ್ತು. ಮುರಿಗಪ್ಪ ಓಡಿಬಂದು ತಾಯಿಯ ಬಾಯಿಯ ಬಳಿ ಬಾಗಿದ. ಮುದುಕಿ ಸೊಸೆಯ ಮುಖ ನೋಡುತ್ತ ಏನೋ ಹೇಳಿ ಕಣ್ಣು ಮುಚ್ಚಿದಳು.

"ಏನಂದರು? ಅತ್ತೆ ಏನಂದರು?" ಎಂದು ದವನವ್ವ ಕೇಳಿದಳು. ಮುರಿಗಪ್ಪ ಹೇಳಿದ, ಅವಳಿಗೆ ಕೇಳಿಸಲಿಲ್ಲ.

ಕಣಗಿಲೆಪಟ್ಟಣದಲ್ಲಿ ಮತ್ತೆ ಒಲೆಗಳು ಹೊತ್ತಿದವು. ಗುಡಿಯಲ್ಲಿ ಮತ್ತೆ ಪೂಜೆ ನಡೆಯಿತು. ಸ್ವಾಮಿಯ ದಯದಿಂದ ರಾಜನೂ ಪ್ರಜೆಗಳೂ ಸುಖವಾಗಿದ್ದರು. ಚನ್ನವೀರಜ್ಜ ದವನವ್ವನನ್ನು ದಿನವೂ ಎದುರಿಗೆ ಕೂರಿಸಿಕೊಂಡು ತುಟಿ ನೋಡಿ ಮಾತು ತಿಳಿಯುವುದನ್ನು ಕಲಿಸಿದ. ಕಲಿಯಲು ಒಂದು ಮಳೆಗಾಲ ಹಿಡಿಯಿತು. ಕಲಿತ ಮೇಲೆ ಅವಳು ಬಾವಿಕಟ್ಟೆಯ ಬಳಿ ಗಂಡನನ್ನು ನಿಲ್ಲಿಸಿ, ಅತ್ತೆ ಏನಂದರೆಂದು ಮತ್ತೆ ಕೇಳಿದಳು.

ಮುರಿಗಪ್ಪ ಅವಳ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದ. "'ಈ ಸಲ ಹೊತ್ತಿಗೆ ಸರಿಯಾಗಿ ತಂದಳು' ಅಂದಳು."

"ಇನ್ನೊಂದು ಸಲ ಹೇಳು," ಎಂದಳು ದವನವ್ವ.

ಅವನು ಇನ್ನೊಂದು ಸಲ ಹೇಳಿದ. ಅವಳು ಕೊಡವನ್ನು ಬಾವಿಗೆ ಬಿಟ್ಟಳು. ಅವರ ಬಾವಿಯಂತೆ ನಮ್ಮ ಬಾವಿಗಳೂ ತುಂಬಿರಲಿ.