ಗಂಡೆಂದು ಮಾರಿದ ಗೆಕ್ಕೊ

"ರೋಗದ ಪ್ರಾಣಿ ಮಾರಾಕ ನಾಚಿಕಿ ಆಗಲಿಲ್ಲೇನ್ರಿ ನಿಮಗ?"

ಸೊಲ್ಲಾಪುರ ರಸ್ತೆಯ ಅಕ್ವೇರಿಯಂ ಅಂಗಡಿಯ ಕೌಂಟರ್ ಮೇಲೆ ಅನುರಾಧಾ ಪ್ಲಾಸ್ಟಿಕ್ ಡಬ್ಬಿಯನ್ನು ಮೆಲ್ಲಗೆ ಇಟ್ಟಳು. ಮಾತನ್ನು ಮಾತ್ರ ಎಸೆದಳು. ಒಳಗೆ ಹಳದಿ ಮೈಯ, ಕಪ್ಪು ಚುಕ್ಕೆಯ ಲೆಪರ್ಡ್ ಗೆಕ್ಕೊ. ಮನೆಯಲ್ಲಿ ಸಾಕುವ ಹಲ್ಲಿ. ಎಂಟು ತಿಂಗಳ ಹಿಂದೆ ಅಂಗಡಿಯ ಸಂಗು ಅದನ್ನು ಗಂಡೆಂದು ಅವಳಿಗೆ ಮಾರಿದ್ದ.

"ಐದ ದಿನ ಆತು, ಒಂದ ಹುಳಾನೂ ತಿಂದಿಲ್ಲ. ಮೂಲ್ಯಾಗ ಕೆದರೂದೊಂದ ಕೆಲಸ."

ಸಂಗು ಡಬ್ಬಿ ಎತ್ತಿ ಕೆಳಗಿನಿಂದ ನೋಡಿದ. ಹೊಟ್ಟೆಯ ತೆಳು ಚರ್ಮದೊಳಗೆ ಎರಡು ಬಿಳಿ ಉಬ್ಬು, ಎಡಕ್ಕೊಂದು, ಬಲಕ್ಕೊಂದು. ಅವನ ಕಿವಿ ಬಿಸಿಯಾದವು. ಮಾರಿದ ದಿನ ಗಿರಾಕಿಗಳ ಗದ್ದಲದಲ್ಲಿ, ಗಂಡೋ ಹೆಣ್ಣೋ ತಿಳಿಯುವ ಬಾಲದ ಬುಡವನ್ನು ಸರಿಯಾಗಿ ನೋಡಿರಲಿಲ್ಲ.

"ರೋಗ ಅಲ್ರಿ. ತತ್ತಿ ಇಡಾಕ ಜಾಗಾ ಹುಡುಕಾಕತ್ತೈತಿ."

"ಗಂಡು ತತ್ತಿ ಇಡತೈತೇನು?"

"ಹೆಣ್ಣೈತಿ."

"ಜೋಡಿ ಇಲ್ಲದ?"

"ಜೋಡಿ ಇಲ್ಲದನೂ ಇಡ್ತಾವ, ಮರಿ ಆಗೂದಿಲ್ಲ ಅಷ್ಟ. ಹಸಿ ಜಾಗಾ ಸಿಗಲಿಲ್ಲಂದ್ರ ತತ್ತಿ ಒಳಗ ಸಿಕ್ಕೊಂಡು ಸಾಯ್ತೈತಿ. ಸಾಕಾವರಿಗೆ ಇಷ್ಟೂ ತಿಳಿಬಾರದ?"

"ಮಾರಾವರಿಗೆ ಗಂಡು ಹೆಣ್ಣು ತಿಳಿಬಾರದ?"

ಸಂಗು ಇನ್ನೊಂದು ಖಾಲಿ ಡಬ್ಬಿಯ ಮುಚ್ಚಳಕ್ಕೆ ಗೆಕ್ಕೊ ನುಗ್ಗುವಷ್ಟು ತೂತು ಕೊರೆದ. ತೆಂಗಿನ ನಾರಿನ ಪುಡಿ ತುಂಬಿ, ಹಿಂಡಿದರೆ ಹನಿ ಬೀಳದಷ್ಟು ತೇವ ಮಾಡಿ ಗಾಜಿನ ತೊಟ್ಟಿಯಲ್ಲಿಟ್ಟು, ಗೆಕ್ಕೊವನ್ನೂ ತೊಟ್ಟಿಗೆ ಬಿಟ್ಟ.

"ಮೂರ ದಿನ ಇಲ್ಲೇ ಬಿಡ್ರಿ."

"ನಿಮ್ಮನ್ನ ನಂಬಿ? ದಿನಾ ಸಂಜಿಕ ಬಂದು ಕುಂಡ್ರತೀನಿ."

ಬಂದೇ ಬಂದಳು. ಬಬಲೇಶ್ವರದ ಬ್ಯಾಂಕಿನ ಕೆಲಸ ಮುಗಿಸಿ, ಬಸ್ಸಿಳಿದು, ಹೆಗಲಿನ ಬ್ಯಾಗು ತೆಗೆಯದೆ ಸ್ಟೂಲಿನ ಮೇಲೆ ಕಾವಲು ಕೂತಳು.

"ಗಾಜಿಗೆ ಬೆರಳ ಬಡೀಬ್ಯಾಡ್ರಿ, ಅಂಜತೈತಿ," ಎಂದ ಎರಡನೆಯ ಸಂಜೆ.

"ನಿಮ್ಮ ಮಾರಿ ನೋಡಿ ಅಂಜಿರಬೇಕು."

ಅವನು ಥಟ್ಟನೆ ಮೀನುಗಳ ಕಡೆ ತಿರುಗಿದ. ಭುಜ ಕುಲುಕುತ್ತಿದ್ದುದು ಅವಳಿಗೆ ಕಂಡಿತು. ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡ ಅನುರಾಧಾಗೆ ತನ್ನ ನಗುವಿನ ಮೇಲೆಯೇ ಸಿಟ್ಟು ಬಂತು.

ಮೂರನೆಯ ಸಂಜೆ ತೊಟ್ಟಿಯ ಮೇಲೆ ಬಾಗಿದವಳು ಅವನ ತೋಳು ಹಿಡಿದೆಳೆದಳು. "ಹೊಟ್ಟಿ ನೋಡ್ರಿ! ಇಳದೈತಿ."

ಗೆಕ್ಕೊದ ಪಕ್ಕೆಗಳು ಒಳಗೆ ಹೋಗಿ ಚರ್ಮ ಜೋತುಬಿದ್ದಿತ್ತು. ಸಂಗು ನಾರಿನ ಪುಡಿಯನ್ನು ಬೆರಳಿನಿಂದ ಸರಿಸಿದ. ಎರಡು ಮೆತ್ತನೆಯ ತತ್ತಿ; ಒಂದು ಆಗಲೇ ಕುಗ್ಗಿತ್ತು. ಚಿಮಟದಲ್ಲಿ ಹಿಡಿದ ಹುಳವನ್ನು ಗೆಕ್ಕೊ ಗಬಕ್ಕನೆ ನುಂಗಿದಾಗ ಅನುರಾಧಾಳ ಕಣ್ಣು ತುಂಬಿದವು. ಅವನ ತೋಳು ಇನ್ನೂ ತನ್ನ ಕೈಯಲ್ಲಿರುವುದು ಆಮೇಲೆ ನೆನಪಾಯಿತು. ಬಿಟ್ಟಳು.

"ತಪ್ಪು ನಂದರಿ," ಎಂದ ಸಂಗು. "ಸರಿಯಾಗಿ ನೋಡಲಾರದ ಗಂಡಂತ ಮಾರೀನಿ."

"ಇದನ್ನ ಮೊದಲನೇ ದಿನಾನ ಹೇಳಬೇಕಿತ್ತು."

"ಮೊದಲನೇ ದಿನ ಸೊಕ್ಕಿತ್ತು. ಎರಡನೇ ದಿನ..." ಅವನು ತತ್ತಿಗಳನ್ನೇ ನೋಡುತ್ತ ನಿಂತ. "ಹೇಳಿದ್ರ ನಿಮ್ಮ ಸಿಟ್ಟು ಇಳೀತಿತ್ತು. ಇಳಿದ್ರ ನೀವು ಮತ್ತ ಬರ್ತಿದ್ದಿಲ್ಲ."

ಅವಳ ಮುಖ ಕೆಂಪಾಯಿತು. ಗೆಕ್ಕೊವನ್ನು ತಂದ ಡಬ್ಬಿಗೆ ಬಿಟ್ಟು, ಎದೆಗವಚಿಕೊಂಡು ಬಾಗಿಲಿಗೆ ನಡೆದಳು. ಅವನು ಕರೆಯಲಿಲ್ಲ. ಹೊಸ್ತಿಲಲ್ಲಿ ಅವಳೇ ತಿರುಗಿದಳು.

"ನನ್ನ ಸಿಟ್ಟು ಇನ್ನೂ ಇಳದಿಲ್ರಿ," ಎಂದಳು. "ನಾಳೆ ಬರ್ತೀನಿ."