ಗಿಡುಗ ಮೊದಲು ಹುಡುಕುವ ಮನೆ

ಬಹಳ ಹಿಂದೆ, ಮಣಿಕೂಟವೆಂಬ ರಾಜ್ಯದಲ್ಲಿ, ಮಂತ್ರಗಳು ಮುಚ್ಚಳವಿದ್ದ ಕುಡಿಕೆಗಳಲ್ಲಿ ವಾಸವಾಗಿದ್ದವು. ಯಾವ ಮಂತ್ರವೂ ಒಂಟಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಮುಚ್ಚಳ ತೆಗೆದೊಡನೆ ಅದು ತನಗೆ ಬೇಕಾದ ಮಂತ್ರಗಳ ಹೆಸರು ಕೂಗುತ್ತಿತ್ತು. ಮನೆಯ ಗಿಡುಗ ಹಾರಿಹೋಗಿ ಆ ಹೆಸರಿನ ಕುಡಿಕೆಯನ್ನು ಹೊತ್ತು ತರುತ್ತಿತ್ತು.

ಆ ರಾಜ್ಯಕ್ಕೆ ಕರಾಳಕೇತುವೆಂಬ ಮಾಂತ್ರಿಕ ಕಲ್ಲಿನ ಶಾಪ ಹಾಕಿದ. ಜನ ಪಾದದಿಂದ ಮೇಲಕ್ಕೆ ಕಲ್ಲಾಗತೊಡಗಿದರು. ಕುಂಬಾರರ ನಾಗೋಜನ ತಾಯಿ ಸಿರಿಯವ್ವ ಒಲೆಯ ಮುಂದೆ ಕೂತಲ್ಲೇ ಮೊಣಕಾಲಿನವರೆಗೆ ಕಲ್ಲಾದಳು.

"ಕೂತ್ಕೋ ಕೂತ್ಕೋ ಅಂತಿದ್ದೆಯಲ್ಲ, ಈಗ ಕೂತಿದೀನಿ ನೋಡು" ಎಂದಳು ಮಗನಿಗೆ.

ಶಾಪ ಕಳೆಯುವ ಜೀವಮಂತ್ರ ಅವರ ಮನೆಯಲ್ಲೇ ಇತ್ತು. ನಾಗೋಜ ಮುಚ್ಚಳ ತೆಗೆದ. ಮಂತ್ರ 'ಬೆಳದಿಂಗಳು' ಎಂದು ಕೂಗಿತು. ಗಿಡುಗ ಬರಿದೇ ಮರಳಿ, ಸಿಗಲಿಲ್ಲ ಎಂದಿತು. ಎಲ್ಲೆಲ್ಲಿ ಹುಡುಕಿದೆ ಎಂದು ನಾಗೋಜ ಕೇಳಿದ. ಮನೆ, ಪೇಟೆ, ಅರಮನೆ, ಅಷ್ಟೇ. ತೋರಿಸದ ಜಾಗಕ್ಕೆ ಗಿಡುಗ ಹೋಗುವುದಿಲ್ಲ. ಬೆಳದಿಂಗಳಿದ್ದದ್ದು ಕರಿಬೆಟ್ಟದ ಗವಿಯಲ್ಲಿ. ಗವಿಯ ಬಾಯಲ್ಲಿ ಉರಿಬಾಲದ ಹುಲಿ. ಅವನು ಗಿಡುಗವನ್ನು ಮುಂಗೈ ಮೇಲೆ ಕೂರಿಸಿಕೊಂಡು ಹೋಗಿ, ಒಂದು ಕೆನ್ನೆ ಸುಟ್ಟುಕೊಂಡು ದಾರಿ ತೋರಿಸಿದ. ಕುಡಿಕೆಯೊಡನೆ ಬಂದು ನೋಡಿದರೆ ತಾಯಿಯ ಸೊಂಟ ಕಲ್ಲಾಗಿತ್ತು.

ಬೆಳದಿಂಗಳು ಅರ್ಧ ಹೊರಬಂದು, ತಂಗಾಳಿ ಬರುವ ತನಕ ಬರಲಾರೆ ಎಂದಿತು. ಗಿಡುಗ ತಂಗಾಳಿಯನ್ನೂ ತಂದಿತು. ಅದು ಬೆಳದಿಂಗಳು ಪೂರ್ತಿ ಬರಲಿ, ಆಮೇಲೆ ನಾನು ಎಂದಿತು. ಎರಡೂ ಒಂದರ ಮುಖ ಒಂದು ನೋಡುತ್ತಾ ಹಾಗೇ ನಿಂತವು. ಕಲ್ಲು ಎದೆಗೇರಿತು. ಕೊನೆಗೆ ನಾಗೋಜ ತಂಗಾಳಿಗೆ, ನೀನು ಸುಮ್ಮನೆ ಹೊರಗೆ ಬಾ, ಬೀಸುವ ಹೊತ್ತು ಬಂದಾಗ ಬೆಳದಿಂಗಳನ್ನು ಕರೆ ಎಂದ. ತಂಗಾಳಿ ಬಂತು, ಹಿಂದೆಯೇ ಬೆಳದಿಂಗಳೂ ಬಂತು.

ಜೀವಮಂತ್ರ ಕೊನೆಯದಾಗಿ 'ಹೊನಲು' ಎಂದು ಕೂಗಿತು. ಗಿಡುಗ ಕಣ್ಣು ಮಿಟುಕಿಸುವಷ್ಟರಲ್ಲಿ ಕುಡಿಕೆ ತಂದಿತು. ತೆರೆದರೆ ಒಳಗೆ ಒಂದು ಹಾಲುಹಲ್ಲು, ಒಂದು ಹಿಡಿ ಎಳೆಗೂದಲು. ಜೀವಮಂತ್ರ ಮತ್ತೆ 'ಹೊನಲು' ಎಂದೇ ಕೂಗಿತು.

ನಾಗೋಜನಿಗೆ ಗೊತ್ತಾಯಿತು. ಅವನು ಹುಟ್ಟುವ ಮೊದಲೇ ಸತ್ತ ಅಕ್ಕನ ಹೆಸರು ಹೊನಲು. ಆ ರಾಜ್ಯದಲ್ಲಿ ಮಂತ್ರಗಳ ಹೆಸರನ್ನು ಮಕ್ಕಳಿಗಿಡುತ್ತಿದ್ದರು. ಮಗು ಸತ್ತರೆ ಅದರ ಹಲ್ಲು ಕೂದಲನ್ನು ಕುಡಿಕೆಯಲ್ಲಿ ಹಾಕಿ ಗೋಡೆಯ ಗೂಡಿನಲ್ಲಿಟ್ಟು, ದೀಪ ಹಚ್ಚುವಾಗ ಹೆಸರು ಹಿಡಿದು ಕರೆಯುತ್ತಿದ್ದರು. ಕುಡಿಕೆ ಹೊಸ್ತಿಲು ದಾಟಿದರೆ ಮಗು ದಾರಿ ತಪ್ಪುತ್ತದೆ.

"ಅವ್ವಾ, ಗಿಡುಗ ಮೊದಲು ಮನೆಯೊಳಗೇ ಹುಡುಕುತ್ತೆ. ಅಕ್ಕನಿಗೆ ಬೇರೆ ಹೆಸರಿಡಬೇಕು."

"ಅವಳದು ಅಂತ ಉಳಿದಿರೋದು ಅದೊಂದೇ ಕಣೋ. ಅದನ್ನೂ ಬಿಟ್ಟುಕೊಟ್ಟು ನಾನು ಯಾರನ್ನ ಕರೀಲಿ?"

"ನೀನು ಕಲ್ಲಾದರೆ ನನ್ನನ್ನ ಯಾರು ಕರೀತಾರವ್ವಾ?"

ಕಲ್ಲು ಕೊರಳಿಗೆ ಬಂದಿತ್ತು. ಅವಳು ಮಗನ ಸುಟ್ಟ ಕೆನ್ನೆಯನ್ನು ನೋಡಿದಳು. ಅವನು ಕುಡಿಕೆಯನ್ನು ಅವಳ ತುಟಿಯ ಹತ್ತಿರ ಹಿಡಿದ. "ಗುಬ್ಬಿ" ಎಂದಳು ಅವಳು.

ಈ ಸಲ ಗಿಡುಗ ಗೂಡನ್ನು ದಾಟಿ ಹಾರಿತು. ಪೇಟೆಯಂಚಿನ ನದಿಯ ಮಡುವಿನಿಂದ ನಿಜವಾದ ಹೊನಲನ್ನು ತಂದಿತು. ರಾಜ್ಯದ ಜನರ ಮೈಮೇಲಿನ ಕಲ್ಲೆಲ್ಲ ನೀರಾಗಿ ಹರಿದುಹೋಯಿತು. ಶಾಪ ತಿರುಗಿ ಹೋಗಿ ಕರಾಳಕೇತುವಿಗೇ ತಗಲಿತು. ಅವನು ನದಿಯಲ್ಲಿ ಬಂಡೆಯಾಗಿ ಬಿದ್ದ. ಹೆಂಗಸರು ಅವನ ಬೆನ್ನ ಮೇಲೆ ಬಟ್ಟೆ ಒಗೆಯುತ್ತಾರೆ.

ಮಣಿಕೂಟದವರು ಆಮೇಲೆ ಸುಖವಾಗಿ ಬಾಳಿದರು. ಸಿರಿಯವ್ವನೂ ಬಾಳಿದಳು. ದೀಪ ಹಚ್ಚುವ ಹೊತ್ತಿಗೆ ಮಾತ್ರ ಹಳೆಯ ಹೆಸರು ನಾಲಿಗೆಯ ತುದಿಗೆ ಬರುತ್ತಿತ್ತು. ಅವಳು ಅದನ್ನು ನುಂಗಿಕೊಂಡು, ಗುಬ್ಬೀ ಎಂದು ಕರೆಯುತ್ತಿದ್ದಳು.